ಮೊಳೆ ಜೋಡಿಸುವ ಮೆಹಬೂಬಿ ಕಂಪ್ಯೂಟರಿನ ಮುಂದೆ ಕೂತದ್ದು

ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನಿಗೆ ಯಾರನ್ನೂ ಸುಲಭಕ್ಕೆ ಮೆಚ್ಚುವ ಅಭ್ಯಾಸ ಇರುವುದಿಲ್ಲ. ದಿನವಿಡೀ ಬೇರೆಯವರ ತಪ್ಪು ಹುಡುಕುವುದೇ ಕಸುಬಾದ ಮೇಲೆ ಬಾಯಿಯೂ ಅದಕ್ಕೆ ಒಗ್ಗಿಹೋಗುತ್ತದೆ. ಬೆಟಗೇರಿಯ ನಮ್ಮ ಪ್ರೆಸ್ಸಿನಲ್ಲಿ ನಾನು ಇಪ್ಪತ್ತೇಳು ವರ್ಷ ಕೆಂಪು ಶಾಯಿ ಹಿಡಿದವನು. ಲೇಖಕರನ್ನು ಬೈದಿದ್ದೇನೆ, ಮಾಲೀಕರನ್ನು ಬೈದಿದ್ದೇನೆ, ಬೈಯಲು ಯಾರೂ ಸಿಗದ ದಿನ ನನ್ನನ್ನೇ ಬೈದುಕೊಂಡದ್ದೂ ಉಂಟು. ಆದರೆ ಮೆಹಬೂಬಿ ಜೋಡಿಸಿದ ಪುಟದ ಮೇಲೆ ಶಾಯಿ ಹಾಕಲು ಜಾಗ ಸಿಗದೆ ಪೆನ್ನು ಮುಚ್ಚಿಟ್ಟ ದಿನಗಳೇ ಹೆಚ್ಚು. ಅಂಥವಳನ್ನು ನೋಡಿ ಒಂದು ದಿನ ನಾನೂ ಎಲ್ಲರ ಜೊತೆ ಸೇರಿ ನಕ್ಕಿದ್ದೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೆಹಬೂಬಿ ಶಿರಹಟ್ಟಿ ಸೀಮೆಯ ಮಾಗಡಿ ಊರಿನ ಮಗಳು. ಊರ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ಬೆಟಗೇರಿಯ ಫಕೀರಸಾಬನನ್ನು ಮದುವೆಯಾಗಿ ಬಂದಳು. ಫಕೀರಸಾಬ ನಮ್ಮಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ ನಡೆಸುತ್ತಿದ್ದ. 1970ರ ಬೇಸಿಗೆಯಲ್ಲಿ ವಿಷಮಜ್ವರ ಬಂದು ಹತ್ತೇ ದಿನಕ್ಕೆ ತೀರಿಕೊಂಡ. ಆಗ ಅವಳಿಗೆ ಇಪ್ಪತ್ನಾಲ್ಕು ವರ್ಷ, ಮಡಿಲಲ್ಲಿ ಅಲ್ಮಾಸಬಿ ಎಂಬ ಕೂಸು. ಗಂಡ ಸತ್ತ ಹೆಂಗಸು ಮನೆಯಲ್ಲೇ ಕಳೆಯಬೇಕಾದ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮರುವಾರವೇ ಪ್ರೆಸ್ಸಿನ ಬಾಗಿಲಿಗೆ ಬಂದು ನಿಂತು, ಕೆಲಸ ಕೊಡಿರಿ ಎಂದಳು.

ಆಗಿನ ಮಾಲೀಕರು ಮೈಲಾರಲಿಂಗಪ್ಪನವರು, ನಮಗೆಲ್ಲ ದೊಡ್ಡ ಸಾವಕಾರರು. ಅಚ್ಚಾದ ಮೇಲೆ ಸೀಸದ ಮೊಳೆಗಳನ್ನು ಬಿಚ್ಚಿ, ಯಾವ ಅಕ್ಷರವನ್ನು ಯಾವ ಖಾನೆಯಿಂದ ತೆಗೆದಿದ್ದರೋ ಅದೇ ಖಾನೆಗೆ ಮರಳಿ ಹಾಕುವ ಕೆಲಸ ಕೊಟ್ಟರು. ಮೊಳೆ ಜೋಡಿಸುವುದು ಗಂಡಸರದು, ಬಿಚ್ಚುವುದು ಯಾರಾದರೂ ಮಾಡಬಹುದು ಎಂಬ ಲೆಕ್ಕ ಅವರದು. ಒಂದು ವರ್ಷ ಬಿಚ್ಚಿದಳು. ಆಮೇಲೆ, ಜೋಡಿಸಲು ನನಗೂ ಕಲಿಸಿರಿ ಎಂದು ಕೇಳಿದಳು. ಮೊಳೆಯ ಮೇಲೆ ಅಕ್ಷರಗಳೆಲ್ಲ ತಿರುವುಮುರುವಾಗಿರುತ್ತವೆ, ನಾಲ್ಕನೆಯ ಇಯತ್ತೆಯವಳಿಗೆ ಅದು ಹತ್ತುವುದಿಲ್ಲ ಎಂದು ದೊಡ್ಡ ಸಾವಕಾರರು ಕೈಬೀಸಿಬಿಟ್ಟರು. ಅವಳು ಹೂಂ ಎಂದು ಹೋದಳು. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಕನ್ನಡಿಗೆ ಹಿಡಿದು ಮೂರು ತಿಂಗಳು ಓದಿದಳು. ಯುಗಾದಿಯ ಮುಂದೆ ಕೆಲಸದ ಒತ್ತಡದಲ್ಲಿ ಒಬ್ಬ ಕಂಪೋಜಿಟರ್ ಕೈಕೊಟ್ಟಾಗ, ಮೊಳೆಗಳನ್ನು ಸಾಲಾಗಿ ಕೂರಿಸುವ ಸ್ಟಿಕ್ಕು ಹಿಡಿದು ನಿಂತು ಮಧ್ಯಾಹ್ನದೊಳಗೆ ಎರಡು ಲಗ್ನಪತ್ರಿಕೆ ಜೋಡಿಸಿಟ್ಟಳು. ತಪ್ಪು ಹುಡುಕಲು ನನಗೆ ಕೊಟ್ಟರು. ಒಂದೂ ಸಿಗಲಿಲ್ಲ, ನನಗೆ ಸಿಟ್ಟೇ ಬಂತು.

ಅವಳ ಕೆಲಸದ ರೀತಿಯೇ ಬೇರೆ. ಉಳಿದವರು ಹಸ್ತಪ್ರತಿ ಕೈಗೆ ಬಂದ ಕೂಡಲೇ ಮೊಳೆ ಆರಿಸಲು ಶುರು ಮಾಡುತ್ತಿದ್ದರು. ಇವಳು ಮೊದಲು ಪೂರ್ತಿ ಓದುವಳು. ಕೆಂಪು ಪೆನ್ಸಿಲಿನಿಂದ ಇಲ್ಲಿ ಹೊಸ ಪ್ಯಾರಾ, ಇಲ್ಲಿ ತಲೆಬರಹ, ಇಲ್ಲಿ ಹಾಡು ಎಂದು ಗುರುತು ಹಾಕುವಳು. ಜೋಡಿಸಿದ್ದರಲ್ಲಿ ಮೊದಲು ಮೊಳೆಯ ಒಂದು ತಟ್ಟೆಯಷ್ಟನ್ನು ಅಚ್ಚು ಹೊಡೆದು ನೋಡಿ, ಸರಿಯಿದ್ದರೆ ಮಾತ್ರ ಮುಂದುವರಿಯುವಳು. 1975ರಲ್ಲಿ ಅಂತೂರ ಬೆಂತೂರಿನ ಸಾವಿತ್ರೆವ್ವ ಕೆಲಸಕ್ಕೆ ಸೇರಿದ ಮೇಲೆ ಇಬ್ಬರದೂ ಜೋಡಿ ಕುದುರಿತು. ಸಾವಿತ್ರೆವ್ವ ಗಟ್ಟಿಯಾಗಿ ಓದುವುದು, ಮೆಹಬೂಬಿ ಕಣ್ಣೆತ್ತದೆ ಜೋಡಿಸುವುದು. ದೊಡ್ಡ ಪುಸ್ತಕಗಳೆಲ್ಲ ಇವರ ಕೈಯಲ್ಲೇ ಆದವು.

ಹೀಗೆ ಹದಿನೆಂಟು ವರ್ಷ ನಡೆಯಿತು. ದೊಡ್ಡ ಸಾವಕಾರರು ತೀರಿಕೊಂಡು ಮಗ ಹುಚ್ಚೀರಪ್ಪನವರು ಮಾಲೀಕರಾದರು. 1988ರ ಶ್ರಾವಣದಲ್ಲಿ ಪ್ರೆಸ್ಸಿಗೆ ಕಂಪ್ಯೂಟರು ಬಂತು.

ಮಗುವಿನ ತೊಟ್ಟಿಲು ತಂದಷ್ಟು ಹುಷಾರಾಗಿ ಅದನ್ನು ಒಳಗೆ ತಂದರು. ಅದಕ್ಕೊಂದು ಗಾಜಿನ ಕೋಣೆ, ಕೋಣೆಗೊಂದು ಪರದೆ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಎದುರಿಗೆ ಚಕ್ರದ ಕುರ್ಚಿ. ಯಂತ್ರ ಮಾರಿದವರು ಹುಬ್ಬಳ್ಳಿಯಿಂದ ಉಡಚಪ್ಪನೆಂಬ ಡಿಪ್ಲೊಮಾ ಓದಿದವನನ್ನು ದೀಪಾವಳಿಯವರೆಗೆ ಎರವಲು ಕೊಟ್ಟಿದ್ದರು. ಅಷ್ಟರಲ್ಲಿ ಪ್ರೆಸ್ಸಿನವರು ತಮ್ಮದೇ ಆಪರೇಟರನ್ನು ಹುಡುಕಿಕೊಳ್ಳಬೇಕು. ಹುಚ್ಚೀರಪ್ಪನವರು ನಮ್ಮನ್ನೆಲ್ಲ ಸೇರಿಸಿ, ದೀಪಾವಳಿಯ ನಂತರ ಮೊಳೆ ಜೋಡಿಸುವ ಕೆಲಸವೇ ಇರುವುದಿಲ್ಲ ಎಂದು ಹೇಳಿದರು. ನಾಲ್ವರು ಗಂಡಸರು ಬೇರೆ ಪ್ರೆಸ್ಸುಗಳನ್ನು ಮೊದಲೇ ನೋಡಿಕೊಂಡಿದ್ದರು. ಉಳಿದದ್ದು ಇಬ್ಬರು ಹೆಂಗಸರು.

“ನೀವಿಬ್ರೂ ಬೈಂಡಿಂಗಿಗೆ ಹೋಗ್ರಿ. ಹಾಳಿ ಮಡಚೂ ಕೆಲಸ ಇದ್ದ ಇರತೈತಿ,” ಎಂದರು ಹುಚ್ಚೀರಪ್ಪನವರು.

ಸಾವಿತ್ರೆವ್ವ ತಲೆ ತಗ್ಗಿಸಿದಳು. ಮೆಹಬೂಬಿ ತಗ್ಗಿಸಲಿಲ್ಲ.

“ನಾ ಬೈಂಡಿಂಗಿಗೆ ಹೋಗಾಂಗಿಲ್ರಿ ಸಾವಕಾರ್ರ. ನಾ ಆ ಕುರ್ಚಿ ಮ್ಯಾಲ ಕುಂಡ್ರತೇನಿ.”

ಆಗಲೇ ಎಲ್ಲರೂ ನಕ್ಕದ್ದು. ಮಾಲೀಕರು ನಕ್ಕರು, ಉಡಚಪ್ಪ ನಕ್ಕ, ನಾನೂ ನಕ್ಕೆ.

“ಅದರಾಗ ಇರೂದೆಲ್ಲಾ ಇಂಗ್ಲಿಷ್ ಐತಿ ಬೇ. ನಿನಗ ಏ ಬಿ ಸಿ ಡಿ ಬರತೈತೇನು?” ಎಂದರು ಮಾಲೀಕರು.

“ನಿಮ್ಮ ಅಪ್ಪಾರೂ ನನಗ ಉಲ್ಟಾ ಅಕ್ಷರ ಬರೂದಿಲ್ಲ ಅಂದಿದ್ರು,” ಎಂದಳು ಅವಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ಕೆಲಸ ಮುಂದುವರಿಸಿದಳು. ನಗು ಅಲ್ಲಿಗೆ ನಿಂತಿತು.

ಹೊಸ ಯಂತ್ರದ ಮೊದಲ ದೊಡ್ಡ ಕೆಲಸ ದ್ಯಾಮಪ್ಪ ಮಾಸ್ತರರ ಪುಸ್ತಕ. ಮಾಸ್ತರರು ಲಕ್ಷ್ಮೇಶ್ವರದ ನಿವೃತ್ತ ಶಿಕ್ಷಕರು. ಶಿರಹಟ್ಟಿ, ಮುಂಡರಗಿ, ಗದಗ ಸೀಮೆಯ ಕೆರೆಗಳನ್ನು ಒಂದೊಂದಾಗಿ ಕಾಲ್ನಡಿಗೆಯಲ್ಲಿ ಸುತ್ತಿ, ಯಾವ ಕೆರೆಯನ್ನು ಯಾರು ಕಟ್ಟಿಸಿದರು, ಅದರ ದಂಡೆಯ ಊರಿನ ಹೆಂಗಸರು ಯಾವ ಹಾಡು ಹಾಡುತ್ತಾರೆ ಎಂದು ಮೂವತ್ತು ವರ್ಷ ಬರೆದಿಟ್ಟಿದ್ದರು. ಕಾರ್ತಿಕ ಹುಣ್ಣಿವೆಗೆ ಅವರಿಗೆ ಎಂಬತ್ತು ತುಂಬುತ್ತಿತ್ತು. ಆ ದಿನವೇ ಪುಸ್ತಕ ಬಿಡುಗಡೆಯೆಂದು ಊರಿನವರು ನಿಶ್ಚಯಿಸಿದ್ದರು. ಪುಟಗಳು ಮಹಾನವಮಿಯೊಳಗೆ ಸಿದ್ಧವಾದರೆ ಮಾತ್ರ ಅಚ್ಚು, ಹೊಲಿಗೆ, ರಟ್ಟು ಮುಗಿದಾವು. ಅದೃಷ್ಟಕ್ಕೆ ಹಸ್ತಪ್ರತಿ ಆಗಲೇ ಕಂಪ್ಯೂಟರಿನಲ್ಲಿ ಟೈಪಾಗಿತ್ತು. ಲಕ್ಷ್ಮೇಶ್ವರದಲ್ಲಿ ಟೈಪಿಂಗ್ ಶಾಲೆ ನಡೆಸುವ ಉಳವಪ್ಪ ಎಂಬುವವರು ಹೊಸದಾಗಿ ಒಂದು ಕಂಪ್ಯೂಟರು ಕೊಂಡು ತಾವೇ ಟೈಪ್ ಮಾಡಿ, ನಾಲ್ಕು ಫ್ಲಾಪಿಗಳಲ್ಲಿ ತುಂಬಿ, ಎರಡು ರಟ್ಟಿನ ನಡುವೆ ಕಟ್ಟಿ, ಮಾಸ್ತರರ ಹಸ್ತಪ್ರತಿಯ ಜೊತೆ ಕಳಿಸಿದ್ದರು. ನಮ್ಮದು ಏನಿದ್ದರೂ ಅದನ್ನು ಪುಟ ಕಟ್ಟುವ ಪ್ರೋಗ್ರಾಮಿಗೆ ತಂದುಕೊಳ್ಳುವುದು, ಅಷ್ಟೆ.

“ಎರಡ ದಿನದ ಕೆಲಸ ನೋಡ್ರಿ,” ಎಂದ ಉಡಚಪ್ಪ.

ಇಡೀ ಪುಸ್ತಕವನ್ನು ಒಂದೇ ಏಟಿಗೆ ಯಂತ್ರಕ್ಕೆ ಕೊಟ್ಟ. ಯಂತ್ರ ಅರ್ಧ ಗಂಟೆ ಗುರುಗುಟ್ಟಿ ನಿಂತೇಬಿಟ್ಟಿತು. ಮರುದಿನ ತುಂಡು ಮಾಡಿ ಕೊಟ್ಟ. ತೆಗೆದುಕೊಂಡಿತು. ಆದರೆ ಬಂದ ಪುಟಗಳನ್ನು ನೋಡಿ ನನಗೆ ತಲೆ ತಿರುಗಿತು. ಒಂದೊಂದು ಸಾಲೂ ಒಂದೊಂದು ಪ್ಯಾರಾ ಆಗಿ ಕೂತಿತ್ತು. ಒಂದು ಪೂರ್ತಿ ಸಾಲು, ಅದರ ಕೆಳಗೆ ಎರಡೇ ಪದದ ಮೊಂಡು ಸಾಲು, ಮತ್ತೆ ಪೂರ್ತಿ ಸಾಲು, ಮತ್ತೆ ಮೊಂಡು. ನಾನೂರು ಪುಟ ಆಗಬೇಕಾದದ್ದು ಸಾವಿರದ ಗಡಿ ದಾಟಿತ್ತು.

ಉಡಚಪ್ಪ ಎರಡು ದಿನ ಒದ್ದಾಡಿದ. ಸಾಲುಗಳನ್ನು ಒಂದೊಂದಾಗಿ ಕೈಯಿಂದ ಕೂಡಿಸುತ್ತ ಹೋದ. ಸಂಜೆಯವರೆಗೆ ಒಂಬತ್ತು ಪುಟ ಆಯಿತು. ಕಡೆಗೆ ಮಾಲೀಕರ ಮುಂದೆ ಕೈಚೆಲ್ಲಿದ. “ಟೈಪಿಂಗ ಕೆಟ್ಟೈತ್ರಿ. ಮೊದಲಿಂದ ಟೈಪ್ ಮಾಡಬೇಕು. ನಾಕ ತಿಂಗಳಾದ್ರೂ ಬೇಕು.”

ಹುಚ್ಚೀರಪ್ಪನವರ ಮುಖ ಕಪ್ಪಿಟ್ಟಿತು. ಊರಿಗೆಲ್ಲ ಡಂಗುರ ಸಾರಿ ತಂದ ಯಂತ್ರ, ಮೊದಲ ಕೆಲಸದಲ್ಲೇ ಹೀಗೆ. ಮೊಳೆಯಿಂದ ಜೋಡಿಸೋಣವೆಂದರೆ ನಾಲ್ವರು ಕಂಪೋಜಿಟರುಗಳು ಹೋಗಿಯಾಗಿತ್ತು. ಎಂಬತ್ತು ವರ್ಷದ ಮುದುಕನಿಗೆ ಏನು ಹೇಳುವುದು? ಅಷ್ಟರಲ್ಲಿ ಮೆಹಬೂಬಿ ನನ್ನ ಮೇಜಿನ ಹತ್ತಿರ ಬಂದು ಆ ಕೆಟ್ಟ ಪುಟಗಳ ಕಟ್ಟನ್ನು ಎತ್ತಿಕೊಂಡಳು. ಯಾರೂ ಅವಳನ್ನು ಕೇಳಿರಲಿಲ್ಲ. ಕೆಂಪು ಪೆನ್ಸಿಲು ಹಿಡಿದು ಕೂತು ಇಡೀ ದಿನ ಓದಿದಳು.

ಸಂಜೆ ನನ್ನನ್ನು ಕರೆದಳು. “ಕಳಕಪ್ಪಣ್ಣ, ಇದು ಯಂತ್ರದ ತಪ್ಪ ಅಲ್ಲ. ಪೂರ್ತಿ ಸಾಲಿಗೆ ಅದರ ಮೊಂಡು ಸಾಲು ಕೂಡಿಸಿದ್ರ ಎಲ್ಲಾ ಒಂದ ಅಳತಿ ಅದಾವ ನೋಡ್ರಿ. ಯಾರೋ ಎಣಿಸಿ ಕತ್ತರಿಸ್ಯಾರ. ಕತ್ತರಿಸೂ ಕೈ ನಾ ನೋಡಬೇಕು. ನಾಳಿ ಐತವಾರ, ಲಕ್ಷ್ಮೇಶ್ವರಕ್ಕ ಹೋಗೂಣ ಬರ್ರಿ.”

ನಕ್ಕ ತಪ್ಪಿಗೆ ನನಗೂ ಒಳಗೊಳಗೇ ಇರುಸುಮುರುಸಾಗುತ್ತಿತ್ತು. ಹೊರಟೆ. ಮುಳಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಸಾವಿತ್ರೆವ್ವನೂ ಇದ್ದಳು. ದಾರಿಯುದ್ದಕ್ಕೂ ಇಬ್ಬರೂ ಆ ಪುಟಗಳಲ್ಲಿದ್ದ ಹಾಡುಗಳನ್ನು ಸಣ್ಣಗೆ ಗುನುಗುತ್ತಿದ್ದರು.

ಉಳವಪ್ಪನವರ ಟೈಪಿಂಗ್ ಶಾಲೆ ಬಜಾರದಲ್ಲಿ, ಮಹಡಿಯ ಮೇಲೆ. ಹನ್ನೆರಡು ಟೈಪ್‌ರೈಟರುಗಳ ನಡುವೆ ಕಂಪ್ಯೂಟರಿಗೆ ಕಸೂತಿ ಬಟ್ಟೆ ಹೊದಿಸಿ, ಊದುಬತ್ತಿ ಹಚ್ಚಿದ್ದರು. ಬಹಳ ಸಂಭ್ರಮದಿಂದ ನಮ್ಮನ್ನು ಕೂರಿಸಿ ಚಹಾ ತರಿಸಿದರು. ಟೈಪ್ ಮಾಡಿ ತೋರಿಸಿರಿ ಎಂದು ಮೆಹಬೂಬಿ ಕೇಳಿದ್ದೇ ತಡ, ಬೆನ್ನು ನೆಟ್ಟಗೆ ಮಾಡಿ ಶುರು ಹಚ್ಚಿದರು. ಬಾಯಿಯಲ್ಲಿ ಎಣಿಕೆ ನಡೆದಿತ್ತು. ಸಾಲು ತುಂಬುತ್ತ ಬಂದಂತೆ ಎಡಗೈ ತಾನಾಗಿಯೇ ಮೇಲೆದ್ದು, ಟೈಪ್‌ರೈಟರಿನಲ್ಲಿ ಸಾಲು ತಿರುಗಿಸುವ, ಇಲ್ಲಿ ಇಲ್ಲದ ಸನ್ನೆಕೋಲನ್ನು ತಳ್ಳಲು ಹೋಗಿ, ನೆನಪಾಗಿ ಕೆಳಗಿಳಿದು, ಎಂಟರ್ ಗುಂಡಿಯನ್ನು ಟಪ್ಪೆಂದು ಒತ್ತುತ್ತಿತ್ತು.

“ಸಾಲ ಮುಗದ ಕೂಡ್ಲೆ ಆ ಗುಂಡಿ ಯಾಕ ಒತ್ತತೀರಿ?” ಎಂದು ಕೇಳಿದಳು ಮೆಹಬೂಬಿ.

“ಒತ್ತಲಿಲ್ಲಂದ್ರ ಸಾಲ ಮುಗಿಯೂದು ಹೆಂಗವಾ? ಟೈಪ್‌ರೈಟರಿನ್ಯಾಗ ಗಂಟಿ ಬಾರಸತೈತಿ. ಇದಕ್ಕ ಗಂಟೀನ ಇಲ್ಲ. ಅದಕ್ಕ ನಾನ ಎಣಿಸಿ ಒತ್ತತೇನಿ, ಅರವತ್ತೈದಕ್ಕ ಒಂದು. ಆರನೂರಾ ಹನ್ನೆರಡು ಹಾಳಿ, ಒಂದ ಸಾಲಿಗೂ ತಪ್ಪಿಸಿಲ್ಲ!”

ಅವರ ಹೆಮ್ಮೆಯನ್ನು ನೋಡಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಂಪ್ಯೂಟರು ಸಾಲನ್ನು ತಾನೇ ಮುರಿದುಕೊಳ್ಳುತ್ತದೆ, ಪ್ಯಾರಾ ಮುಗಿದಾಗ ಮಾತ್ರ ಎಂಟರ್ ಒತ್ತಬೇಕು ಎಂಬುದನ್ನು ಆ ಪುಣ್ಯಾತ್ಮರಿಗೆ ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷ ಕೇಳಿದ ಟೈಪ್‌ರೈಟರಿನ ಗಂಟೆ ಅವರ ಕಿವಿಯೊಳಗೇ ಬಾರಿಸುತ್ತಿತ್ತು.

ಮೆಹಬೂಬಿ ಮಾತ್ರ ನಗಲಿಲ್ಲ. “ಹೊಸಾ ಪ್ಯಾರಾ ಬಂದ್ರ?”

“ಐದು ಸ್ಪೇಸ್ ಬಿಡೂದು. ಎರಡನೇ ಪಾಠ.”

“ಯಾವಾಗ್ಲೂ ಐದ?”

“ನನ್ನ ಶಿಷ್ಯರು ಆರು ಬಿಟ್ರ ಸ್ಕೇಲಿನಿಂದ ಬೆರಳಿಗೆ ಬೀಳತೈತಿ.”

“ಹಾಡಿಗೆ?”

ಉಳವಪ್ಪನವರು ಚಹಾದ ಬಸಿ ಕೆಳಗಿಟ್ಟರು. “ಹಾಡಿಂದು ಟೈಪಿಂಗ್ ಪುಸ್ತಕದಾಗ ಪಾಠ ಇಲ್ಲವಾ. ಕಣ್ಣಿಗೆ ಚೆಂದ ಕಂಡಷ್ಟು ಬಿಟ್ಟೇನಿ. ಒಮ್ಮೆ ಹತ್ತು, ಒಮ್ಮೆ ಐದು. ಒಮ್ಮೊಮ್ಮೆ ಏನೂ ಬಿಟ್ಟಿಲ್ಲ.”

ಬರುವಾಗ ಬಸ್ಸಿನಲ್ಲಿ ಮೆಹಬೂಬಿ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು. ಮರುದಿನ ಬೆಳಿಗ್ಗೆ ಗಾಜಿನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

“ತಮ್ಮಾ, ಈ ಯಂತ್ರಕ್ಕ ಒಂದು ಗುರ್ತು ತೋರಿಸಿ, ಇದು ಎಲ್ಲೆಲ್ಲೆ ಐತಿ ಅಲ್ಲೆಲ್ಲಾ ಬ್ಯಾರೇದು ಇಡು ಅಂದ್ರ ಇಡತೈತೇನು?”

“ಇಡತೈತ್ರಿ ಅಕ್ಕಾರ. ಒಂದ ಸಲಕ್ಕ ಸಾವಿರ ಕಡೆ ಬೇಕಾರ ಇಡತೈತಿ.”

“ಆ ಎಂಟರ್ ಅನ್ನೂದೂ ಯಂತ್ರದ ಹೊಟ್ಟ್ಯಾಗ ಒಂದು ಅಕ್ಷರಾನ ಅಲ್ಲಾ?”

ಉಡಚಪ್ಪ ಬಗ್ಗಿ ಆ ಎಂಟರ್ ಗುಂಡಿಯನ್ನೇ ನೋಡಿದ. ಅವನು ಓದಿದವನು, ಅದು ಅಕ್ಷರವೇ ಎಂದು ಅವನಿಗೆ ಗೊತ್ತಿತ್ತು. ಆದರೆ ಹಾಗೆ ಯೋಚಿಸಿರಲಿಲ್ಲ. ಮೆಹಬೂಬಿ ಹದಿನೆಂಟು ವರ್ಷ ಖಾಲಿ ಜಾಗವನ್ನೂ ಸೀಸದ ತುಂಡಾಗಿ ಕೈಯಲ್ಲಿ ಹಿಡಿದವಳು. ಅವಳ ಪಾಲಿಗೆ ಕಾಣದ್ದಕ್ಕೂ ತೂಕವಿತ್ತು.

ಅವಳ ಯೋಜನೆ ಇಷ್ಟೇ. ಎಂಟರ್ ಆದಮೇಲೆ ಐದು ಸ್ಪೇಸ್ ಬಂದರೆ ಅದು ನಿಜವಾದ ಪ್ಯಾರಾ, ಅಲ್ಲೆಲ್ಲ ಒಂದು ನಕ್ಷತ್ರದ ಗುರುತು ಇಡುವುದು. ಉಳಿದ ಎಂಟರುಗಳನ್ನೆಲ್ಲ ಒರೆಸಿಬಿಡುವುದು. ಆಮೇಲೆ ನಕ್ಷತ್ರಗಳನ್ನು ಮತ್ತೆ ಎಂಟರ್ ಮಾಡುವುದು. ಆದರೆ ಹಾಗೆ ಒರೆಸಿದರೆ ಹಾಡುಗಳ ಸಾಲುಗಳೂ ಕೂಡಿಹೋಗಿ ಗದ್ಯವಾಗುತ್ತವೆ. ಹಾಡು ಯಾವುದು, ಮಾತು ಯಾವುದು ಎಂದು ಯಂತ್ರಕ್ಕೆ ತಿಳಿಯದು, ಉಳವಪ್ಪನವರು ಬಿಟ್ಟ ಜಾಗವೂ ಹೇಳದು. ಪುಸ್ತಕದಲ್ಲಿ ಮುನ್ನೂರಕ್ಕೂ ಮೇಲೆ ಹಾಡುಗಳಿದ್ದವು. ಒರೆಸುವ ಮೊದಲು ಒಂದೊಂದನ್ನೂ ಓದಿ, ಪ್ರತಿ ಸಾಲಿನ ಕೊನೆಗೆ ಬೇರೆಯದೊಂದು ಗುರುತು ಹಾಕಬೇಕು.

“ಇದನ್ನ ಓದಿ ಮಾಡಬೇಕು. ನಾನೂ ಸಾವಿತ್ರೆವ್ವನೂ ಮಾಡತೇವಿ. ಎಂಟ ದಿನ ಆ ಕುರ್ಚಿ ನನಗ ಕೊಡ್ರಿ ಸಾವಕಾರ್ರ,” ಎಂದಳು.

ಹುಚ್ಚೀರಪ್ಪನವರಿಗೆ ಬೇರೆ ದಾರಿಯಿರಲಿಲ್ಲ, ಆದರೂ ಗತ್ತು ಬಿಡಲಿಲ್ಲ. “ಎಂಟ ದಿನ. ಆಗಲಿಲ್ಲಂದ್ರ ಮಾತಿಲ್ಲದ ಬೈಂಡಿಂಗಿಗೆ ನಡೀಬೇಕು. ಮತ್ತ ಆ ಕುರ್ಚಿ ಹೆಸರ ತಗೀಬಾರದು.”

“ಆತ್ರಿ.”

ಇಂಗ್ಲಿಷಿನ ಆಜ್ಞೆಗಳನ್ನು ಅವಳು ಓದಲಿಲ್ಲ, ಆಕಾರ ನೋಡಿ ಹಿಡಿದಳು. ಒಂದು ಸಣ್ಣ ವಹಿಯಲ್ಲಿ ಆ ಪದಗಳ ಚಿತ್ರ ಬರೆದು, ಎದುರಿಗೆ ಇದನ್ನು ಒತ್ತಿದರೆ ಹೀಗಾಗುತ್ತದೆ ಎಂದು ಕನ್ನಡದಲ್ಲಿ ಬರೆದುಕೊಂಡಳು. ಸಾವಿತ್ರೆವ್ವ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಅಲ್ಲಲ್ಲಿ ಹಾಡನ್ನೂ ಸಾಲು ಬಿಡಿಸದೆ ಒತ್ತಿ ಬರೆದಿದ್ದ ಮಾಸ್ತರರ ಹಸ್ತಪ್ರತಿಯಿಂದ ಓದುವಳು. ಹಾಡು ಬಂದಾಗ ಓದುವುದನ್ನು ಬಿಟ್ಟು ಹಾಡುವಳು. ಅವೆಲ್ಲ ಬೀಸುವ ಕಲ್ಲಿನ ಹಾಡುಗಳು, ಇಬ್ಬರೂ ತಂತಮ್ಮ ತಾಯಂದಿರ ಬಾಯಲ್ಲಿ ಕೇಳಿದ್ದವೇ. ಎಲ್ಲಿ ದನಿ ಇಳಿಯುತ್ತದೋ ಅಲ್ಲಿ ಮೆಹಬೂಬಿಯ ಬೆರಳು ಗುರುತು ಹಾಕುತ್ತಿತ್ತು. ಒಂದು ಹಾಡು ಮಾಗಡಿಯದು, ಅವಳ ತವರಿನದು:

ಮಾಗಡಿ ಕೆರಿ ತುಂಬಿ ಮೋಡದ ನೆರಳಾಗಿ
ಸಾಗಿ ಬಂದಾವ ಬಿಳಿಹಕ್ಕಿ, ನನ ತವರ
ಬಾಗಿಲಿಗಿ ಬಂದ ಬಂಧುಗಳ

ಉಳವಪ್ಪನವರು ಅದನ್ನು ಒಂದೂ ಸ್ಪೇಸ್ ಬಿಡದೆ ಸುತ್ತಲಿನ ಗದ್ಯದೊಳಗೇ ತುರುಕಿದ್ದರು. ಬೇರೆ ಯಾರೇ ಕೂತಿದ್ದರೂ ಅದು ಹಕ್ಕಿಗಳ ಬಗ್ಗೆ ಮಾಸ್ತರರು ಬರೆದ ಮಾತೆಂದೇ ದಾಟಿಹೋಗುತ್ತಿದ್ದರು. ಪ್ರೂಫ್ ನೋಡುವ ನಾನೂ ದಾಟಿಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಮೂರನೆಯ ದಿನ ಉಡಚಪ್ಪ ತಾನಾಗಿಯೇ ಇಬ್ಬರಿಗೂ ಚಹಾ ತಂದುಕೊಟ್ಟ.

ಆರನೆಯ ದಿನ ಮಧ್ಯಾಹ್ನ ಗುರುತು ಹಾಕುವುದು ಮುಗಿಯಿತು. ಈಗ ಒರೆಸುವ ಸರದಿ. ಇಡೀ ಪುಸ್ತಕಕ್ಕೆ ಒಂದೇ ಸಲ ಹೇಳಿಬಿಡೋಣ ಎಂದ ಉಡಚಪ್ಪ. ಮೆಹಬೂಬಿ ಒಪ್ಪಲಿಲ್ಲ. ಮೊಳೆಯ ಕಾಲದ ಪದ್ಧತಿಯಂತೆ, ಮೊದಲ ಅಧ್ಯಾಯವನ್ನಷ್ಟೇ ಬೇರೆ ಫ್ಲಾಪಿಗೆ ನಕಲು ಮಾಡಿಸಿ ಅದರ ಮೇಲೆ ನೋಡೋಣ ಎಂದಳು. ನಕ್ಷತ್ರ ಇಟ್ಟಳು, ಎಂಟರ್ ಒರೆಸಿದಳು, ನಕ್ಷತ್ರಗಳನ್ನೂ ಹಾಡಿನ ಗುರುತುಗಳನ್ನೂ ಮತ್ತೆ ಎಂಟರ್ ಮಾಡಿದಳು. ಪುಟ ಕಟ್ಟುವ ಪ್ರೋಗ್ರಾಮಿಗೆ ಅದನ್ನು ತಂದು ಅಚ್ಚು ತೆಗೆದೆವು.

ಪ್ಯಾರಾಗಳು ಮುತ್ತಿನಂತೆ ಕೂತಿದ್ದವು. ಹಾಡುಗಳು ಮೂರು ಮೂರು ಸಾಲಾಗಿ ನಿಂತಿದ್ದವು. ಆದರೆ ಓದುತ್ತ ಹೋದರೆ ನಡುನಡುವೆ ಎರಡು ಪದಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪ್ರತಿ ಪುಟದಲ್ಲಿ ಇಪ್ಪತ್ತು, ಮೂವತ್ತು ಕಡೆ. ನಾಲ್ಕು ನೂರು ಪುಟದಲ್ಲಿ ಹತ್ತು ಸಾವಿರವಾದರೂ ಆಗುತ್ತಿತ್ತು.

ಅದೇ ಹೊತ್ತಿಗೆ ಹುಚ್ಚೀರಪ್ಪನವರು ಒಳಗೆ ಬಂದು ಪುಟ ಎತ್ತಿ ನೋಡಿದರು. “ಇದನ್ನ ಮಾಸ್ತರ್ರಿಗೆ ತೋರಸೂದೇನು? ಸಾಕು ಏಳು. ಯಾರ ಕೆಲಸ ಯಾರು ಮಾಡಬೇಕೋ ಅವರ ಮಾಡಬೇಕು. ನಾಳಿಯಿಂದ ಬೈಂಡಿಂಗಿಗೆ ಬಾ.”

ಮೆಹಬೂಬಿ ಎದ್ದು ನಿಂತಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ, ಕೈಯಲ್ಲಿದ್ದ ಪುಟವನ್ನೇ ನೋಡುತ್ತಿದ್ದೆ. ಆಗ ಕಂಡಿತು. ಇಷ್ಟು ವರ್ಷ ತಪ್ಪು ಹುಡುಕಿದ್ದು ಒಂದು ದಿನಕ್ಕಾದರೂ ಉಪಯೋಗಕ್ಕೆ ಬಂತು.

“ನಿಂದರ್ರಿ ಸಾವಕಾರ್ರ,” ಎಂದೆ. ನನ್ನ ದನಿ ನನಗೇ ಜೋರೆನಿಸಿತು. “ಮೆಹಬೂಬಕ್ಕ, ಇವು ಎಲ್ಲೆಂದ್ರಲ್ಲೆ ಅಂಟಿಲ್ಲ. ಉಳವಪ್ಪನೋರು ಎಂಟರ್ ಒತ್ತಿದ ಕಡೆ ಅಷ್ಟ ಅಂಟ್ಯಾವ. ಅರವತ್ತೈದಕ್ಕ ಒಂದು, ಎಣಿಸಿ ನೋಡ್ರಿ.”

ಅವಳು ಕಣ್ಣು ಮುಚ್ಚಿದಳು. ಎಡಗೈ ಸ್ಟಿಕ್ಕು ಹಿಡಿದಂತೆ ಮಡಚಿತು, ಬಲಗೈಯ ಬೆರಳುಗಳು ಗಾಳಿಯಲ್ಲಿ ಮೊಳೆ ಜೋಡಿಸಿದವು. ಸಾಲಿನ ಕೊನೆಗೆ ಬಂದು ನಿಂತವು.

“ಅಯ್ಯ ನನ್ನ ಖೋಡಿ!” ಎಂದು ಹಣೆ ಚಚ್ಚಿಕೊಂಡಳು. “ಸಾಲಿನ ಕಡೀ ಶಬ್ದದ ಮುಂದ ಸ್ಪೇಸ್ ಇಡೂ ಪದ್ಧತೀನ ನಮಗಿಲ್ಲ. ಅಲ್ಲೆ ಸಾಲ ಮುಗೀತು, ಮುಂದ ಸ್ಟಿಕ್ಕಿನ ಗ್ವಾಡಿ. ಅದಕ್ಕ ಎಂಟರ್ ಅಳಿಸಿ ಏನೂ ಇಡಲಿಲ್ಲ. ಈಗ ಗ್ವಾಡಿ ಇಲ್ಲಲ್ಲ! ಎಂಟರ್ ತಗದ ಕಡೆ ಒಂದು ಸ್ಪೇಸ್ ಇಡಬೇಕು!”

ಮಾಲೀಕರು ಏನೋ ಹೇಳುತ್ತಿದ್ದರು, ಅವಳು ಕೇಳಿಸಿಕೊಳ್ಳಲಿಲ್ಲ. ಕೂತೇಬಿಟ್ಟಿದ್ದಳು. ಮೂಲ ಫ್ಲಾಪಿಗೆ ಏನೂ ಆಗಿರಲಿಲ್ಲ. ಮೊದಲ ಅಧ್ಯಾಯವನ್ನು ಮತ್ತೆ ನಕಲು ಮಾಡಿಸಿದಳು, ಅದೇ ಮೂರು ಹೆಜ್ಜೆಗಳು, ಈ ಸಲ ಎಂಟರಿನ ಜಾಗದಲ್ಲಿ ಒಂದು ಸ್ಪೇಸ್. ಹತ್ತು ನಿಮಿಷಕ್ಕೆ ಪುಟ ಹೊರಗೆ ಬಂತು. ನಾನು ಕೆಂಪು ಪೆನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದೆ, ಪೆನ್ನು ಮುಚ್ಚಿ ಜೇಬಿಗೆ ಇಟ್ಟೆ.

“ಏನಾತು?” ಎಂದರು ಹುಚ್ಚೀರಪ್ಪನವರು.

“ಏನೂ ಇಲ್ರಿ. ತಪ್ಪಿಲ್ಲ.”

ಉಡಚಪ್ಪ ಚಪ್ಪಾಳೆ ಹೊಡೆದೇಬಿಟ್ಟ. ಸಾವಿತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮುಂದಿನ ಅಧ್ಯಾಯದ ಹಸ್ತಪ್ರತಿ ಎತ್ತಿಕೊಂಡಳು. ಇಪ್ಪತ್ತೆರಡು ಅಧ್ಯಾಯಗಳು ಒಂದಾದ ಮೇಲೊಂದರಂತೆ ಒಳಗೆ ಹೋದವು. ಎಂಟನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ನಾನೂರಾ ಎಂಟನೆಯ ಪುಟ ಮುಗಿಯಿತು. ನಾನು ಜನ್ಮದಲ್ಲಿ ಅಷ್ಟು ಖುಷಿಪಟ್ಟದ್ದು ಬಹಳ ಕಡಿಮೆ. ಪುಟಗಳ ಕಟ್ಟನ್ನು ಹಿಡಿದು ಪ್ರೆಸ್ಸಿನ ತುಂಬ ತಿರುಗಾಡಿ ಬೈಂಡಿಂಗಿನವರಿಗೆ, ಯಂತ್ರದವರಿಗೆ, ಎದುರಿನ ಚಹಾದಂಗಡಿಯವನಿಗೂ ತೋರಿಸಿ ಬಂದೆ.

ಮರುದಿನ ದ್ಯಾಮಪ್ಪ ಮಾಸ್ತರರು ಕೋಲೂರಿಕೊಂಡು ಬಂದರು. ಅಲ್ಲೊಂದು ಇಲ್ಲೊಂದು ಪುಟ ತಿರುವಿ, ಹಾಡಿನ ಪುಟಗಳಿಗೆ ಬಂದಾಗ ನಿಂತರು. ಕಣ್ಣಿಗೆ ಹತ್ತಿರ ಹಿಡಿದು ಎಷ್ಟೋ ಹೊತ್ತು ನೋಡಿದರು.

“ಇವನ್ನ ಸಾಲ ಸಾಲ ಬಿಡಿಸಿದೋರು ಯಾರು? ನನ್ನ ಬರಹದಾಗೂ ಇಷ್ಟ ಸ್ವಚ್ಛ ಇರಲಿಲ್ಲ.”

ಹುಚ್ಚೀರಪ್ಪನವರು ನಮ್ಮ ಕಂಪ್ಯೂಟರು ಎನ್ನಲು ಹೊರಟಿದ್ದರು. ನಾನು ಅವರ ಮಾತು ಮುಗಿಯಗೊಡದೆ ಗಾಜಿನ ಕೋಣೆಯ ಕಡೆ ಬೆರಳು ಮಾಡಿದೆ. ಮಾಸ್ತರರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಆ ಇಬ್ಬರಿಗೂ ಕೈಮುಗಿದರು. ಎಂಬತ್ತರ ಹಿರಿಯರು ಕೈಮುಗಿದಾಗ ಮೆಹಬೂಬಿ ಗಾಬರಿಯಾಗಿ ಎದ್ದು ಸೆರಗು ತಲೆಗೆಳೆದುಕೊಂಡಳು.

ಮಹಾನವಮಿಯ ದಿನ ಪ್ರೆಸ್ಸಿನಲ್ಲಿ ಆಯುಧಪೂಜೆ. ಯಂತ್ರಗಳಿಗೆ, ಮೊಳೆಯ ಖಾನೆಗಳಿಗೆ, ಗಾಜಿನ ಕೋಣೆಗೂ ಚೆಂಡುಹೂವಿನ ಮಾಲೆ ಹಾಕಿದ್ದೆವು. ಕಾಯಿ ಒಡೆದ ಮೇಲೆ ಹುಚ್ಚೀರಪ್ಪನವರು ಎಲ್ಲರ ಮುಂದೆ ಗಂಟಲು ಸರಿಮಾಡಿಕೊಂಡರು. ಹುಬ್ಬಳ್ಳಿಯಿಂದ ಯಾರನ್ನೂ ತರುವುದಿಲ್ಲ ಎಂದರು.

“ಮೆಹಬೂಬಿ, ದೀಪಾವಳಿ ಆದಮ್ಯಾಲ ಆ ಕುರ್ಚಿ ನಿಂದ. ನಾ ಅವತ್ತು ನಗಬಾರದಿತ್ತು.”

ಮಾಲೀಕರ ಬಾಯಿಂದ ಇಂಥ ಮಾತು ಬಂದದ್ದು ನಾನು ಆ ಮೊದಲು ಕೇಳಿರಲಿಲ್ಲ. ಎಲ್ಲರೂ ಮೆಹಬೂಬಿಯ ಕಡೆ ನೋಡಿದರು. ಅವಳು ಕೈಯಲ್ಲಿದ್ದ ಪ್ರಸಾದದ ಕೊಬ್ಬರಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನಿಧಾನವಾಗಿ ಹೇಳಿದಳು:

“ಒಬ್ಬಾಕೀನ ಕುಂಡ್ರಾಂಗಿಲ್ರಿ ಸಾವಕಾರ್ರ. ಸಾವಿತ್ರೆವ್ವಗೂ ಅಲ್ಲೆ ಜಾಗ ಬೇಕು.”

“ಒಂದ ಯಂತ್ರಕ್ಕ ಇಬ್ಬರ್ಯಾಕ ಬೇ?”

“ಯಂತ್ರಕ್ಕ ಒಬ್ಬರ ಸಾಕ್ರಿ. ಪುಸ್ತಕಕ್ಕ ಇಬ್ಬರು ಬೇಕು. ಆಕಿ ಓದಲಿಲ್ಲಂದ್ರ ನನಗ ಹಾಡು ಎಲ್ಲೆ ಮುಗೀತು ಅನ್ನೂದು ಹೆಂಗ ತಿಳೀಬೇಕು?”

ಸಾವಿತ್ರೆವ್ವ ಬೇಡ ಬೇಡ ಎಂದು ಕೈ ಅಲ್ಲಾಡಿಸುತ್ತಿದ್ದಳು. ಹುಚ್ಚೀರಪ್ಪನವರು ತಲೆದೂಗಿ, “ಆತು. ಖರೆ ಐತಿ. ಆದರ ಅಲ್ಲೆ ಇರೂದು ಒಂದ ಕುರ್ಚಿ. ಆಕಿಗೊಂದು ಎಲ್ಲಿಂದ ತರಲಿ?” ಎಂದರು.

ನಾನು ಎದ್ದೆ. ಇಪ್ಪತ್ತು ವರ್ಷದಿಂದ ನಾನು ಕೂತು ಕೂತು ಬೆತ್ತ ಜಗ್ಗಿದ ನನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಗಾಜಿನ ಕೋಣೆಯೊಳಗೆ, ಚಕ್ರದ ಕುರ್ಚಿಯ ಪಕ್ಕದಲ್ಲಿಟ್ಟೆ. ಹಬ್ಬ ಮುಗಿದು ಕೆಲಸ ಶುರುವಾದ ದಿನ ಪ್ರೂಫನ್ನೆಲ್ಲ ನಿಂತುಕೊಂಡೇ ತಿದ್ದಿದೆ.